ಒಟ್ಟಿದ್ದು, ಕೂಡಿದ್ದು, ತಾನೇ ಕಟ್ಟಿದ್ದು

ಹೈಸ್ಕೂಲಿನಲ್ಲಿ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದು ಇಂಗ್ಲಿಷ್ ಪದ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ: ಅಕ್ಯುಮುಲೇಟ್. ಭೂಗೋಳದ ಪಾಠದಲ್ಲಿ ಜಲಾಶಯದ ತಳದಲ್ಲಿ ಮಣ್ಣು ಅಕ್ಯುಮುಲೇಟ್ ಆಗುತ್ತದೆ. ವಿಜ್ಞಾನದ ಪಾಠದಲ್ಲಿ ಮೀನಿನ ಮೈಯಲ್ಲಿ ಪಾದರಸ ಅಕ್ಯುಮುಲೇಟ್ ಆಗುತ್ತದೆ. ಗಣಿತದಲ್ಲಿ ಬಡ್ಡಿ, ಅರ್ಥಶಾಸ್ತ್ರದಲ್ಲಿ ಬಂಡವಾಳ, ಮನೆಯಲ್ಲಿ ಧೂಳು, ಎಲ್ಲವೂ ಅದೇ ಒಂದು ಕ್ರಿಯಾಪದದ ಆಶ್ರಯಕ್ಕೆ ಬಂದು ನಿಲ್ಲುತ್ತವೆ. ಮಗು ನಿಘಂಟನ್ನು ತೆರೆದು ‘ಶೇಖರಣೆಯಾಗು’ ಎಂದು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತದೆ. ತೆಲುಗು ಮಾಧ್ಯಮದ ಗೆಳೆಯ ‘ಪೋಗುಪಡು’ ಎಂದು ಬರೆದುಕೊಳ್ಳುತ್ತಾನೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅದೇ ಮಗುವಿನ ಅಜ್ಜಿ ಶೇಖರಣೆ ಎಂಬ ಮಾತನ್ನು ಎಂದೂ ಆಡಿರಲಾರರು. ಅವರ ಬಾಯಲ್ಲಿ ಕೆರೆಗೆ ಹೂಳು ತುಂಬುತ್ತದೆ, ಅಟ್ಟದ ಮೇಲೆ ಧೂಳು ಕೂರುತ್ತದೆ, ಸಾಲದ ಬಡ್ಡಿ ಬೆಳೆಯುತ್ತದೆ, ಮೋಡ ಕವಿಯುತ್ತದೆ, ಜಾತ್ರೆಗೆ ಜನ ಸೇರುತ್ತಾರೆ, ಹಾಲಿನ ಮೇಲೆ ಕೆನೆ ಕಟ್ಟುತ್ತದೆ. ಪುಸ್ತಕದ ಒಂದು ಪದ ನಿಂತ ಜಾಗದಲ್ಲಿ ಮನೆಮಾತಿನ ಆರು ಪದಗಳು ನಿಲ್ಲುತ್ತವೆ. ಆ ಆರನ್ನೂ ಮರೆತು ಒಂದನ್ನು ಕಲಿಯುವುದು ಲಾಭವೋ ನಷ್ಟವೋ ಎಂಬುದನ್ನು ಈ ತಿಂಗಳು ಓದುಗರ ಮುಂದಿಡಬೇಕೆಂದು ನಮಗೆ ತೋರಿತು.

ಈ ಪ್ರಶ್ನೆ ಬೆಂಗಳೂರಿನವರಿಗಿಂತ ನಮಗೆ ಹೆಚ್ಚು ಹತ್ತಿರದ್ದು. ನೇಮಕಲ್ಲಿನಂತಹ ಊರಿನಲ್ಲಿ ಮಗು ಮೂರು ಭಾಷೆಗಳ ನಡುವೆ ಬೆಳೆಯುತ್ತದೆ. ಮನೆಯೊಳಗೆ ಕನ್ನಡ, ಕಚೇರಿಯಲ್ಲೂ ಬಸ್ಸಿನಲ್ಲೂ ತೆಲುಗು, ಶಾಲೆಯ ಪುಸ್ತಕದಲ್ಲಿ ಹೆಚ್ಚುಹೆಚ್ಚಾಗಿ ಇಂಗ್ಲಿಷ್. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆಲೂರು, ಆದವಾನಿ, ರಾಯದುರ್ಗ ತಾಲೂಕುಗಳು ಅತ್ತ ಹೋದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರ ಅದಕ್ಕೂ ಮೊದಲೇ, 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾದಾಗಲೇ ಬಳ್ಳಾರಿಯಿಂದ ಅಗಲಿತ್ತು. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆಗಳ ಹೆಸರು ಬದಲಾದಂತೆ ಹೊಲದ ಮಾತು ಬದಲಾಗಲಿಲ್ಲ. ಬೊಮ್ಮನಹಾಳ್, ಕಣೇಕಲ್ಲು, ಹಿರೇಹಾಳ್, ನೇಮಕಲ್ಲು ಎಂಬ ಹೆಸರುಗಳನ್ನು ಉಚ್ಚರಿಸಿದರೇ ಸಾಕು, ಯಾವ ನುಡಿಯವರು ಇವನ್ನು ಇಟ್ಟರೆಂಬುದು ತಿಳಿಯುತ್ತದೆ.

ಮೊದಲು ಇಂಗ್ಲಿಷಿಗೆ ನ್ಯಾಯ ಸಲ್ಲಿಸೋಣ. ಆ ಭಾಷೆ ಬಡವಾದದ್ದೆಂದು ಹೇಳುವ ಉದ್ದೇಶ ನಮಗಿಲ್ಲ. ಕೂಡುವುದಕ್ಕೂ ಒಟ್ಟುವುದಕ್ಕೂ ಅಲ್ಲಿ ಹತ್ತಾರು ಪದಗಳಿವೆ. ಒಂದೊಂದನ್ನೂ ಬಿಡಿಸಿ ನೋಡಿದರೆ ಒಳಗೆ ಒಂದು ಹಳ್ಳಿಯೇ ಕಾಣುತ್ತದೆ. ಅಕ್ಯುಮುಲೇಟ್ ಎಂಬುದರ ಒಳಗಿರುವುದು ಲ್ಯಾಟಿನ್ನಿನ ಕ್ಯುಮುಲಸ್, ಎಂದರೆ ರಾಶಿ. ಲಂಡನ್ನಿನ ಲ್ಯೂಕ್ ಹೋವರ್ಡ್ ಎಂಬ ಔಷಧ ತಯಾರಕರು 1802ರಲ್ಲಿ ಮೋಡಗಳಿಗೆ ಹೆಸರಿಡಲು ಹೊರಟಾಗ, ಹತ್ತಿಯ ಗುಡ್ಡೆಯಂತೆ ಏರುವ ಬಿಳಿಯ ಮೋಡಕ್ಕೆ ಇದೇ ಪದವನ್ನು ಕೊಟ್ಟರು. ನಮ್ಮ ಪಠ್ಯಪುಸ್ತಕಗಳು ಅದನ್ನು ‘ರಾಶಿ ಮೋಡ’ ಎಂದು ಕನ್ನಡಿಸಿವೆ, ಒಳ್ಳೆಯ ಕನ್ನಡವೇ. ಅಗ್ರಿಗೇಟ್ ಎಂಬುದರ ಒಳಗಿರುವುದು ಕುರಿಮಂದೆ: ಲ್ಯಾಟಿನ್ನಿನಲ್ಲಿ ಗ್ರೆಕ್ಸ್ ಎಂದರೆ ಹಿಂಡು, ಹಿಂಡಿಗೆ ಸೇರಿಸಿದ್ದೇ ಅಗ್ರಿಗೇಟ್. ಇಂದು ಆ ಪದವನ್ನು ಅಂಕಪಟ್ಟಿಯ ಮೊತ್ತಕ್ಕೂ ಕಾಂಕ್ರೀಟಿಗೆ ಬೆರೆಸುವ ಜಲ್ಲಿಗೂ ಬಳಸುತ್ತಾರೆ; ಕುರಿ ಕಾಯುವವರು ಇಷ್ಟೊಂದು ಮಂದಿ ಇರುವ ನಮ್ಮ ಸೀಮೆಯಲ್ಲಿ ಅದರ ಒಳಗಿನ ಮಂದೆಯನ್ನು ಮಕ್ಕಳಿಗೆ ತೋರಿಸುವವರೇ ಇಲ್ಲ. ಕಾಂಗ್ಲಾಮರೇಟ್ ಎಂಬ ದೊಡ್ಡ ಹೆಸರು ಈಗ ಹತ್ತು ವ್ಯಾಪಾರಗಳನ್ನು ಒಂದೇ ಕೈಯಲ್ಲಿ ಹಿಡಿದ ಕಂಪನಿಗಳಿಗೆ ಸಲ್ಲುತ್ತದೆ. ಅದರ ಬೇರು ಗ್ಲೋಮಸ್, ನೂಲಿನ ಉಂಡೆ. ಅಮಾಸ್ ಎಂಬುದರ ಒಳಗಿರುವುದು ಕಲಸಿದ ಹಿಟ್ಟಿನ ಮುದ್ದೆ. ಕುಬೇರನು ಸಂಪತ್ತನ್ನು ಅಮಾಸ್ ಮಾಡಿದನೆಂದರೆ, ಪದದ ಲೆಕ್ಕದಲ್ಲಿ ಅವನು ಮುದ್ದೆ ಕಟ್ಟಿದನೆಂದೇ ಅರ್ಥ. ಮಡಕಶಿರದ ಕಡೆಯ ಓದುಗರು ಇದನ್ನು ಓದಿ ನಕ್ಕರೆ ನಮಗೆ ಸಂತೋಷವೇ.

ಇನ್ನು ಪೈಲ್ ಎಂಬುದು ಕಂಬಕ್ಕೆ ಸಂಬಂಧಿಸಿದ್ದು, ಆದ್ದರಿಂದ ಒಂದರ ಮೇಲೊಂದು ಎತ್ತರಕ್ಕೆ ಏರಿದ್ದು. ಸ್ಟ್ಯಾಕ್ ಹುಲ್ಲಿನ ಬಣವೆ. ಉತ್ತರದ ಸ್ಕ್ಯಾಂಡಿನೇವಿಯದಿಂದ ಬಂದ ಪದ. ಡ್ರಿಫ್ಟ್ ಎಂದರೆ ಗಾಳಿಯೋ ನೀರೋ ಅಟ್ಟಿಕೊಂಡು ಬಂದು ಬಿಟ್ಟದ್ದು. ಸೆಡಿಮೆಂಟ್ ಎಂದರೆ ಕೂತದ್ದು. ಹೋರ್ಡ್ ಎಂದರೆ ಬಚ್ಚಿಟ್ಟದ್ದು. ಹಿಂದೆ ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಳಿಸಿ ಬಾಯಿ ಮುಚ್ಚುತ್ತಿದ್ದರಲ್ಲ, ಅದಕ್ಕೆ ಹತ್ತಿರದ ಭಾವ. ಇಷ್ಟೆಲ್ಲ ಚಿತ್ರಗಳಿರುವ ಭಾಷೆಯಿಂದ ನಮ್ಮ ಮಕ್ಕಳಿಗೆ ಸಿಕ್ಕಿದ್ದು ಅತ್ಯಂತ ಸಪ್ಪೆಯಾದ ಅಕ್ಯುಮುಲೇಟ್ ಒಂದೇ. ಕನ್ನಡದಿಂದ ಸಿಕ್ಕಿದ್ದು ಅಷ್ಟೇ ಸಪ್ಪೆಯಾದ ಶೇಖರಣೆ.

ಆ ಶೇಖರಣೆಯ ಕಥೆಯೂ ವಿಚಿತ್ರವೇ. ಸಂಸ್ಕೃತದಲ್ಲಿ ಶೇಖರವೆಂದರೆ ತಲೆಯ ಮೇಲಿನ ಆಭರಣ, ಮುಡಿಯ ಮಾಲೆ. ಚಂದ್ರಶೇಖರ ಎಂಬ ಹೆಸರಿನಲ್ಲಿ ಉಳಿದಿರುವುದು ಆ ಅರ್ಥ. ಕನ್ನಡಕ್ಕೆ ಬಂದ ಮೇಲೆ ಅದು ಕೂಡಿಡುವುದಾಯಿತು. ‘ಕ್ರೋಢೀಕರಣ’ವೆಂಬ ಇನ್ನೂ ಭಾರವಾದ ಪದದಲ್ಲಿ ಕ್ರೋಡವೆಂದರೆ ತೊಡೆ, ಮಡಿಲು. ಬಂಡವಾಳವನ್ನು ಕ್ರೋಢೀಕರಿಸುವುದೆಂದರೆ ಹಣವನ್ನು ಮಡಿಲಲ್ಲಿ ಅಪ್ಪಿ ಕೂರುವುದು. ಬರೆದವರಿಗೆ ಇದು ಗೊತ್ತಿದ್ದು ಬರೆದರೋ ಕಾಣೆವು. ಮಾತು ಮಾತ್ರ ದಿಟವಾಗಿ ಕೂತಿದೆ.

ಈಗ ನಮ್ಮ ಮನೆಮಾತಿಗೆ ಬರೋಣ. ಕೂಡುವ ಕೆಲಸವನ್ನು ಯಾರು ಮಾಡಿದರು ಎಂಬುದನ್ನು ಕನ್ನಡ ಬಹಳ ನಿಷ್ಠುರವಾಗಿ ಗಮನಿಸುತ್ತದೆಂದು ನಮ್ಮ ಎಣಿಕೆ. ಕೈಯಿಂದ ಮಾಡಿದ್ದಕ್ಕೆ ಒಂದು ಬಗೆಯ ಪದಗಳು: ಒಟ್ಟು, ಪೇರಿಸು, ಅಡಕು, ಗುಡ್ಡೆ ಹಾಕು, ಕೂಡಿಡು. ತಾನಾಗಿ ಆದದ್ದಕ್ಕೆ ಇನ್ನೊಂದು ಬಗೆ. ಈ ಎರಡನೆಯದರಲ್ಲಿ ‘ಕಟ್ಟು’ ಎಂಬ ಪುಟ್ಟ ಪದ ಮಾಡುವ ಕೆಲಸ ಬೆರಗು ಹುಟ್ಟಿಸುವಂಥದು. ಹಾಲು ಕೆನೆಗಟ್ಟುತ್ತದೆ, ತುಪ್ಪ ಹೆಪ್ಪುಗಟ್ಟುತ್ತದೆ, ನಿಂತ ನೀರು ಮಡುಗಟ್ಟುತ್ತದೆ, ಬಾವಿಯ ಮೆಟ್ಟಿಲು ಪಾಚಿಗಟ್ಟುತ್ತದೆ, ಒಲೆಯ ಮೇಲಿನ ಗೋಡೆ ಜಿಡ್ಡುಗಟ್ಟುತ್ತದೆ, ಕಬ್ಬಿಣ ತುಕ್ಕುಗಟ್ಟುತ್ತದೆ, ಗಾಯ ಕೀವುಗಟ್ಟುತ್ತದೆ, ಅಂಗಾಲು ಜಡ್ಡುಗಟ್ಟುತ್ತದೆ, ಆಕಾಶ ಮೋಡ ಕಟ್ಟುತ್ತದೆ. ಮನೆ ಕಟ್ಟುವವನೊಬ್ಬ, ಗಂಟು ಕಟ್ಟುವವನೊಬ್ಬ ಇರುವಂತೆ ಇಲ್ಲಿ ಕಟ್ಟುವವನು ಯಾರೂ ಇಲ್ಲ. ಪದಾರ್ಥವೇ ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ. ಹೊತ್ತು ಸರಿದಂತೆ, ಯಾರೂ ನೋಡದಿರುವಾಗ, ತೆಳ್ಳಗೆ ಒಂದರ ಮೇಲೊಂದು ಪದರವಾಗಿ ಕೂಡುವುದನ್ನು ಇಷ್ಟು ಚಿಕ್ಕ ಪದದಲ್ಲಿ ಹೇಳುವ ಉಪಾಯ ಇಂಗ್ಲಿಷಿಗಿಲ್ಲ. ಅಲ್ಲಿ ಕೆನೆಗೆ ಬೇರೆ ಪದ, ತುಕ್ಕಿಗೆ ಬೇರೆ ಪದ, ಹೆಪ್ಪಿಗೆ ಬೇರೆ ಪದ. ಯಾವುದೂ ಸಿಗದಿದ್ದಾಗ ಅಕ್ಯುಮುಲೇಟ್. ಮಗುವಿಗೆ ಈ ‘ಗಟ್ಟು’ವಿನ ಹತ್ತು ಉದಾಹರಣೆಗಳನ್ನು ಅಡುಗೆಮನೆಯಲ್ಲಿಯೇ ತೋರಿಸಿಕೊಟ್ಟರೆ, ನಿಘಂಟಿನ ಪುಟವನ್ನು ತಿರುವದೆಯೇ ಆ ಇಂಗ್ಲಿಷ್ ಕ್ರಿಯಾಪದದ ಅರ್ಧ ಅರ್ಥ ಅದಕ್ಕೆ ಒಲಿದುಬಿಡುತ್ತದೆ.

ಕೈಯಿಂದ ಒಟ್ಟಿದ್ದರ ಭಂಡಾರವಿರುವುದು ಕಣದಲ್ಲಿ. ಕೊಯ್ದ ರಾಗಿಯನ್ನು ಸಿವುಡು ಕಟ್ಟುತ್ತಾರೆ. ಸಿವುಡುಗಳು ಸೇರಿದರೆ ಹೊರೆ. ತೆನೆಸಹಿತ ಹೊರೆಗಳನ್ನು ಒಕ್ಕಣೆಯವರೆಗೆ ಒಟ್ಟಿಡುವುದು ಮೆದೆ. ಒಕ್ಕಿದ ಮೇಲೆ ಉಳಿದ ಹುಲ್ಲನ್ನು ವರುಷವಿಡೀ ದನಕ್ಕಾಗುವಂತೆ ಒಟ್ಟುವುದು ಬಣವೆ. ತೂರಿ ಹಸನು ಮಾಡಿದ ಕಾಳು ಮಾತ್ರ ರಾಶಿ. ಮೆದೆಗೂ ಬಣವೆಗೂ ನಡುವಿನ ಗೆರೆ ಊರಿಂದೂರಿಗೆ ಸ್ವಲ್ಪ ಅತ್ತಿತ್ತ ಸರಿಯುತ್ತದೆ. ಪಾವಗಡ, ಶಿರಾಗಳಿಗೆ ಹತ್ತಿಕೊಂಡ ಮಡಕಶಿರದ ಮಾತೂ ಬಳ್ಳಾರಿಗೆ ಹತ್ತಿಕೊಂಡ ರಾಯದುರ್ಗದ ಮಾತೂ ಎಲ್ಲದರಲ್ಲೂ ಒಂದೇ ಅಲ್ಲ. ಅಲ್ಲಿ ಮರಳು ಎಂದರೆ ಇಲ್ಲಿ ಉಸುಕು. ಅಲ್ಲಿ ಬಣವೆ ಎಂದರೆ ಇಲ್ಲಿ ಬಣವಿ. ಪಕ್ಕದ ತೆಲುಗು ಮನೆಯವರು ವಾಮಿ ಎನ್ನುತ್ತಾರೆ, ಕಡಲೆಕಾಯಿಯ ಬಳ್ಳಿಯನ್ನು ಒಟ್ಟಿದ್ದಕ್ಕೂ ಅದೇ ಹೆಸರು. ಕಡಲೆಕಾಯಿಯೇ ಮುಖ್ಯ ಬೆಳೆಯಾದ ಈ ಸೀಮೆಯಲ್ಲಿ ಆ ಪದ ಎಷ್ಟೋ ಕನ್ನಡದ ಮನೆಗಳಿಗೂ ಬಂದು ಸೇರಿದೆ, ಬಂದದ್ದರಲ್ಲಿ ತಪ್ಪೇನಿಲ್ಲ.

ರಾಶಿಗೆ ಇದ್ದ ಗೌರವ ಉಳಿದ ಯಾವ ಗುಡ್ಡೆಗೂ ಇಲ್ಲ. ಕಾಳಿನ ರಾಶಿಯನ್ನು ಸಮ ಮಾಡಿ, ಸಗಣಿಯ ಬೆನಕನನ್ನಿಟ್ಟು, ಪೂಜೆ ಮಾಡಿ, ಚಪ್ಪಲಿ ಬಿಟ್ಟು ನಿಂತು ಅಳೆಯುತ್ತಿದ್ದರು. ಅಳೆಯುವಾಗ ಮೊದಲ ಬಳ್ಳಕ್ಕೆ ‘ಒಂದು’ ಎನ್ನುವಂತಿರಲಿಲ್ಲ, ‘ಲಾಭ’ ಎನ್ನಬೇಕಿತ್ತು. ಅದೇ ರಾಶಿ ಪಂಚಾಂಗಕ್ಕೆ ಹೋಗಿ ಮೇಷ ವೃಷಭಗಳಾಗಿದೆ. ನಕ್ಷತ್ರಗಳ ಗುಂಪೂ ಒಂದು ರಾಶಿ ತಾನೆ. ಶಿರಸಿ ಸಿದ್ದಾಪುರಗಳ ಕಡೆಗೆ ಹೋದರೆ ‘ಬಹಳ’ ಎಂಬುದಕ್ಕೇ ರಾಶಿ ಎನ್ನುತ್ತಾರೆ: ರಾಶಿ ಜನ, ರಾಶಿ ಚಲೋ. ಇಂಗ್ಲಿಷಿನವರು ಹೀಪ್ಸ್ ಎಂದು ಹೇಳುವುದೂ ಇದೇ ದಾರಿಯಲ್ಲಿ ಬಂದದ್ದು. ಒಂದನ್ನೊಂದು ಕಾಣದ ಎರಡು ಜನಾಂಗಗಳು ಗುಡ್ಡೆಯನ್ನು ನೋಡಿ ಒಂದೇ ಮಾತಿಗೆ ಬಂದವು.

‘ಒಟ್ಟು’ ಎಂಬುದರ ನಡಿಗೆ ಇನ್ನೂ ದೊಡ್ಡದು. ಮೂಲದಲ್ಲಿ ಅದು ಸೌದೆಯನ್ನೋ ಹುಲ್ಲನ್ನೋ ಒಂದರ ಮೇಲೊಂದು ಇಡುವ ಕೆಲಸ. ಒಟ್ಟಿದ್ದೆಲ್ಲ ಸೇರಿ ಲೆಕ್ಕದ ‘ಒಟ್ಟು’ ಆಯಿತು. ಅಂಕಗಳ ಕೆಳಗೆ ಗೆರೆ ಎಳೆದು ಮಗು ಬರೆಯುವ ಪದ ಅದೇ. ಅಲ್ಲಿಂದ ಒಟ್ಟಿಗೆ, ಒಟ್ಟಾರೆ, ಒಟ್ಟುಗೂಡು, ಒಟ್ಟು ಕುಟುಂಬ. ಒಂದೇ ಮನೆಯಲ್ಲಿ ಬಾಳುವವರನ್ನು ಸೂಚಿಸಲು ಹುಲ್ಲಿನ ಬಣವೆಯಿಂದ ಪದ ತಂದ ಭಾಷೆ ನಮ್ಮದು. ಗುಡ್ಡೆಯೂ ಹಾಗೆಯೇ ಬೆಳೆದಿದೆ. ಸಂತೆಯಲ್ಲಿ ಬದನೆಕಾಯಿಯನ್ನು ಗುಡ್ಡೆಯ ಲೆಕ್ಕದಲ್ಲಿ ಮಾರುತ್ತಾರೆ, ಹಬ್ಬದ ಬಾಡನ್ನು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಆಗ ಗುಡ್ಡೆ ಎಂದರೆ ಪಾಲು. ಇಂಗ್ಲಿಷಿನ ಹೀಪಿಗೆ ಈ ನ್ಯಾಯಬುದ್ಧಿ ಇಲ್ಲ.

ಇಲ್ಲಿ ತಿಪ್ಪೆಯನ್ನು ಮರೆತರೆ ನಮ್ಮ ಸೀಮೆಗೆ ಅಪಚಾರವಾದೀತು. ಇಂಗ್ಲಿಷಿನಲ್ಲಿ ಮಿಡನ್ ಎಂಬ ಹಳೆಯ ಪದವಿದೆ. ಈಗ ಅದನ್ನು ಬಳಸುವವರು ಬಹುಮಟ್ಟಿಗೆ ಪುರಾತತ್ತ್ವಜ್ಞರು. ನಮ್ಮಲ್ಲಿ ತಿಪ್ಪೆ ಬದುಕಿನ ನಡುವಿನದು. ಮನೆಯ ಕಸ, ಕೊಟ್ಟಿಗೆಯ ಸಗಣಿ, ಒಲೆಯ ಬೂದಿ ದಿನವೂ ಒಂದೊಂದು ಪುಟ್ಟಿಯಂತೆ ಬಿದ್ದು ವರುಷದಲ್ಲಿ ಹೊಲಕ್ಕೆ ಗೊಬ್ಬರವಾಗುತ್ತದೆ. ದೀಪಾವಳಿಯಲ್ಲಿ ತಿಪ್ಪೆಗೂ ದೀಪ ಇಡುವ ಮನೆಗಳಿವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು, ಕಸವೆಂದು ಬಗೆದು ಸಾವು ಕಣ್ಣು ಹಾಕದಿರಲೆಂದು. ತೆಲುಗಿನ ಪೆಂಟಯ್ಯನೂ ಅದೇ ಭಯದಿಂದ ಹುಟ್ಟಿದವನು. ಚಳ್ಳಕೆರೆ ತಾಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ ಮೇಲಿನ ಭಕ್ತಿಯಿಂದಲೂ ಈ ಹೆಸರು ಗಡಿಯ ಎರಡೂ ಬದಿಗೆ ಹರಡಿದೆ. ವೇದಾವತಿ ನದಿಗೆ ಅಡ್ಡವಾಗಿ ಕಟ್ಟಿದ ಭೈರವಾನಿತಿಪ್ಪ ಜಲಾಶಯದ ಹೆಸರನ್ನು ಕೇಳಿ ಕನ್ನಡದ ಮಕ್ಕಳು ಮುಸಿಮುಸಿ ನಗುವುದುಂಟು. ತೆಲುಗಿನಲ್ಲಿ ತಿಪ್ಪ ಎಂದರೆ ದಿಬ್ಬ, ಅಷ್ಟೆ, ಅದು ಕಸದ್ದಾಗಿರಬೇಕಾಗಿಲ್ಲ. ಒಂದೇ ಪದ ಗಡಿಯ ಈಚೆಗೆ ಗೊಬ್ಬರವಾಗಿ, ಆಚೆಗೆ ಗುಡ್ಡವಾಗಿ ನಿಂತಿದೆ. ಕುಪ್ಪೆಯ ಗತಿಯೂ ಇದೇ: ನಮಗೆ ಅದು ಸಣ್ಣ ಗುಡ್ಡೆ, ತೆಲುಗರಿಗೆ ಧಾನ್ಯದ ಒಟ್ಟಿಲಿಗೂ ಸಲ್ಲುವ ಕುಪ್ಪ, ತಮಿಳರ ಕುಪ್ಪೈ ಬರಿಯ ಕಸ.

ತಿಪ್ಪೆಯ ಮಾತು ಬಂದಾಗ ಬಳ್ಳಾರಿ ಸೀಮೆಯ ಬೂದಿಗುಡ್ಡಗಳನ್ನು ನೆನೆಯಲೇಬೇಕು. ಬಳ್ಳಾರಿ ಹೊಸಪೇಟೆಗಳ ನಡುವಿನ ಕುಡತಿನಿಯಲ್ಲಿ, ನಮ್ಮದೇ ಅನಂತಪುರ ಜಿಲ್ಲೆಯ ಪಾಲವಾಯಿಯಲ್ಲಿ, ಇನ್ನೂ ಹಲವು ಕಡೆ ಈ ಬೂದಿಯ ದಿಬ್ಬಗಳಿವೆ. ಹಂಪಿಯ ಬಳಿಯ ನಿಂಬಾಪುರದಲ್ಲಿ ಇರುವುದನ್ನು ಜನರು ವಾಲಿಯನ್ನು ಸುಟ್ಟ ಬೂದಿಯೆಂದು ನಂಬುತ್ತಾರೆ. ವಿದ್ವಾಂಸರಲ್ಲಿಯೂ ಬಹುಕಾಲ ಜಗಳವಿತ್ತು: ಇದು ಲೋಹ ಕರಗಿಸಿದ ಕಿಟ್ಟವೋ, ಯಾಗದ ಬೂದಿಯೋ, ಜ್ವಾಲಾಮುಖಿಯದೋ? ರೇಮಂಡ್ ಆಲ್ಚಿನ್ ಅವರು 1957ರಲ್ಲಿ ತೆಲಂಗಾಣದ ಉಟ್ನೂರಿನಲ್ಲಿ ಅಗೆದು, 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದು ದನದ ಸಗಣಿಯ ಬೂದಿಯೆಂದು ತೋರಿಸಿಕೊಟ್ಟರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ಬಯಲಿನಲ್ಲಿ ದನಗಾಹಿಗಳು ಮರದ ಬೇಲಿ ಹಾಕಿ ದನಗಳನ್ನು ಕೂಡುತ್ತಿದ್ದರು. ದೊಡ್ಡಿಯಲ್ಲಿ ಸಗಣಿ ಆಳುದ್ದ ಬೀಳುತ್ತಿತ್ತು. ಆಗಾಗ್ಗೆ ಅದಕ್ಕೆ ಬೆಂಕಿ ಹಚ್ಚುತ್ತಿದ್ದರು. ಮತ್ತೆ ದನ, ಮತ್ತೆ ಸಗಣಿ, ಮತ್ತೆ ಬೆಂಕಿ. ಪದರದ ಮೇಲೆ ಪದರ ಬಿದ್ದು ಗುಡ್ಡವಾಯಿತು. ವಿ. ರಾಮಿರೆಡ್ಡಿಯವರು ಪಾಲವಾಯಿಯ ಬಗ್ಗೆ ಬರೆದ ಪುಸ್ತಕ 1976ರಲ್ಲಿ ಹೊರಬಂದಿತು. ಇಂಗ್ಲಿಷಿನವರು ಇವಕ್ಕೆ ಆಶ್‌ಮೌಂಡ್ ಎಂದು ಹೆಸರಿಟ್ಟರು. ಊರಿನವರು ಬೂದಿಗುಡ್ಡ ಎನ್ನುತ್ತಿದ್ದುದನ್ನೇ ಅವರು ತಮ್ಮ ಭಾಷೆಗೆ ಎತ್ತಿಕೊಂಡಂತಿದೆ.

ಇಷ್ಟು ಹೊತ್ತು ನಾವು ಹೇಳಿದ್ದು ಬಹುಮಟ್ಟಿಗೆ ಒಳ್ಳೆಯ ಗುಡ್ಡೆಗಳ ವಿಚಾರ. ಬೇಡದೆ ಬಂದು ಕೂಡುವುದೂ ನಮ್ಮ ಪಾಲಿಗಿದೆ. ಬಾಬಾಬುಡನ್ ಗಿರಿಗಳಲ್ಲಿ ಹುಟ್ಟಿ, ಹಿರಿಯೂರಿನ ಮಾರಿಕಣಿವೆಯನ್ನು ದಾಟಿ, ರಾಯದುರ್ಗದ ಸೀಮೆಯಲ್ಲಿ ಉತ್ತರಕ್ಕೆ ಹರಿಯುವ ವೇದಾವತಿ, ನಾವು ಹಗರಿ ಎನ್ನುವ ಹೊಳೆ, ವರುಷದ ಬಹುಪಾಲು ಬರಿಯ ಉಸುಕಿನ ಹಾಸು. ವರುಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಆಷಾಢದ ಗಾಳಿ ಪಡುವಣದಿಂದ ಬೀಸತೊಡಗಿದಾಗ ಹೊಳೆಯ ಒಡಲಿನ ಉಸುಕು ಎದ್ದು ಮೂಡಣದ ಹೊಲಗಳಿಗೆ ನಡೆಯುತ್ತದೆ. ಕಣೇಕಲ್ಲು, ಬೊಮ್ಮನಹಾಳ್ ಕಡೆ, ದರ್ಗಾಹೊನ್ನೂರಿನ ಸುತ್ತ, ರಾಜಸ್ಥಾನದ ಚಿತ್ರಗಳಲ್ಲಿ ಕಾಣುವಂತಹ ಉಸುಕಿನ ದಿಬ್ಬಗಳೆದ್ದಿವೆ. ಬದುವಿನಲ್ಲಿ ಮೊದಲು ಒಂದು ತೆಳ್ಳನೆಯ ಗೆರೆ. ಮರುವರುಷ ಅದು ಮೊಣಕಾಲಿನೆತ್ತರ. ಮುಂದೆ ಬದುವೇ ಕಾಣುವುದಿಲ್ಲ. ಮರ ನೆಟ್ಟು ತಡೆಯುವ ಯತ್ನಗಳು ನಡೆದಿವೆ, ನೆಟ್ಟಲ್ಲಿ ಬೇರು ಹಿಡಿಯುವವರೆಗೆ ಗಾಳಿ ಬಿಡಬೇಕಲ್ಲ.

ಇದಕ್ಕೆ ಇಂಗ್ಲಿಷಿನ ಡ್ರಿಫ್ಟ್ ಚೆನ್ನಾಗಿ ಒಪ್ಪುತ್ತದೆ. ಅವರು ಅದನ್ನು ಹಿಮಕ್ಕೆ ಹೆಚ್ಚು ಬಳಸುತ್ತಾರೆ. ಹಿಮವನ್ನೇ ಕಾಣದ ನಮ್ಮ ಮಕ್ಕಳಿಗೆ ಉಸುಕನ್ನು ತೋರಿಸಿ ಆ ಪದವನ್ನು ಕಲಿಸಬಹುದು. ಕನ್ನಡದಲ್ಲಿ ‘ಉಸುಕು ಕವಿದಿದೆ’, ‘ದಿಬ್ಬ ಬಿದ್ದಿದೆ’ ಎನ್ನುತ್ತೇವೆ. ಆದರೆ ಹೊಳೆ ಬಂದು ಹೋದ ಮೇಲೆ ಹೊಲದಲ್ಲಿ ಉಳಿಯುವ ಉಸುಕಿನ ಹಾಸಿಗೆ ತೆಲುಗಿನಲ್ಲಿ ಮೇಟ ಎಂಬ ನಿಖರವಾದ ಪದವಿದೆ. ಇಸುಕ ಮೇಟ ಹಾಕಿತೆಂದು ಅರ್ಜಿ ಬರೆದರೆ ಕಂದಾಯದವರಿಗೆ ಮರುಮಾತಿಲ್ಲದೆ ತಿಳಿಯುತ್ತದೆ. ಈ ಪದವನ್ನು ನಾವು ಸಂಕೋಚವಿಲ್ಲದೆ ತೆಗೆದುಕೊಳ್ಳಬಹುದೆಂದು ನಮ್ಮ ಮತ. ಶೇಖರಣೆಗಿಂತ ಅದು ನೂರುಪಾಲು ಮೇಲು.

ಹೂಳಿಗೆ ಮಾತ್ರ ನಾವು ಯಾರ ಬಳಿಯೂ ಹೋಗಬೇಕಾಗಿಲ್ಲ. ಹೂಳು ಎಂದರೆ ಮುಚ್ಚು, ಹುಗಿ ಎಂಬ ಕ್ರಿಯಾಪದವೂ ಹೌದು, ಕೆರೆಯಲ್ಲಿ ತುಂಬುವ ಮಣ್ಣೂ ಹೌದು. ತುಂಬುವುದು ಏನನ್ನು ಮಾಡುತ್ತದೆಂಬುದನ್ನು ಹೆಸರಿನಲ್ಲಿಯೇ ಹೇಳಿಬಿಡುವ ಇಂತಹ ಪದ ಇಂಗ್ಲಿಷಿನಲ್ಲಿ ನಮಗೆ ಕಂಡಿಲ್ಲ. ಬೊಮ್ಮನಹಾಳ್, ಕಣೇಕಲ್ಲುಗಳ ಕಡೆಯ ಹೊಲಗಳಿಗೆ ನೀರು ತರುವ ಮೇಲ್ಮಟ್ಟದ ಕಾಲುವೆ ತುಂಗಭದ್ರೆಯದು. 1953ರಲ್ಲಿ ಆ ಜಲಾಶಯದಲ್ಲಿ ನೀರು ನಿಲ್ಲಿಸಲಾರಂಭಿಸಿದಾಗ ಅದರ ಹೊಟ್ಟೆ ಸುಮಾರು 133 ಟಿ.ಎಂ.ಸಿ. ಅಡಿ ಹಿಡಿಯುತ್ತಿತ್ತು. ಈಚಿನ ಅಳತೆಯಲ್ಲಿ ಅದು ಸುಮಾರು 105ಕ್ಕೆ ಇಳಿದಿದೆ. ಕಳೆದ ಇಪ್ಪತ್ತೇಳು ಇಪ್ಪತ್ತೆಂಟು ಟಿ.ಎಂ.ಸಿ.ಯ ಜಾಗದಲ್ಲಿ ಹೂಳು ಕೂತಿದೆ. ‘ಹೂಳು ಶೇಖರಣೆಯಾಗಿದೆ’ ಎಂದು ಪತ್ರಿಕೆಯಲ್ಲಿ ಓದುವಾಗ ಯಾರೋ ಜತನದಿಂದ ಕೂಡಿಟ್ಟಂತೆ ಕೇಳುತ್ತದೆ. ಕಾಲುವೆಯ ಕೊನೆಯಲ್ಲಿ ನೀರಿಗಾಗಿ ಕಾದು ನಿಂತ ರೈತನು ಆ ಮಾತನ್ನು ಆಡಲಾರನು. ‘ತುಂಬಿದೆ’ ಎನ್ನುವಾಗ ಅವನ ನಷ್ಟವೂ ಆ ಪದದಲ್ಲಿ ಸೇರಿರುತ್ತದೆ.

ಸಾಲದ ಲೆಕ್ಕದಲ್ಲಿಯೂ ಇದೇ ಸೂಕ್ಷ್ಮ. ಬಡ್ಡಿ ಎಂಬುದು ಸಂಸ್ಕೃತದ ವೃದ್ಧಿಯ ತದ್ಭವ. ಅದಕ್ಕೆ ಬೆಳೆಯುವುದೇ ಸ್ವಭಾವ. ಇಂಗ್ಲಿಷಿನ ಅಕ್ರೂ ಎಂಬುದಕ್ಕೂ ಮೂಲಾರ್ಥ ಬೆಳೆ ಎಂದೇ. ಬಾಕಿ, ಜಮೆಗಳು ಅರಬ್ಬಿಯಿಂದ ಬಂದವು. ಜಮಾ ಎಂದರೆ ಕೂಡಿಸು, ಬಾಕಿ ಎಂದರೆ ಉಳಿದದ್ದು. 1800ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಗೆ ಬಂದ ದತ್ತಮಂಡಲದಲ್ಲಿ ಥಾಮಸ್ ಮನ್ರೋ ಕಲೆಕ್ಟರಾಗಿದ್ದಾಗಲೂ ಕಂದಾಯದ ಮಾತು ಜಮಾಬಂದಿಯೇ. ಸಂಸ್ಕೃತದ ಸಂಚಯ ಇನ್ನೊಂದು ಬಗೆಯದು: ‘ಚಿ’ ಎಂಬ ಧಾತುವಿಗೆ ಒಟ್ಟು, ಪೇರಿಸು ಎಂದರ್ಥ, ಕಟ್ಟಿಗೆಯನ್ನು ಒಟ್ಟಿದ್ದೇ ಚಿತೆ.

ಈ ಪದಗಳನ್ನು ಮೊದಲ ಬಾರಿಗೆ ಇಂಗ್ಲಿಷಿನ ಎದುರು ಇಟ್ಟು ತೂಗಿದ ಕೆಲಸ ನಡೆದದ್ದು ನಮ್ಮ ನೆರೆಯಲ್ಲಿಯೇ ಎಂಬುದನ್ನು ಎಷ್ಟೋ ಜನ ಅರಿಯರು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಪಾದ್ರಿ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಮದರಾಸಿನಲ್ಲಿ ಅಚ್ಚಾದವು. ಮಂಗಳೂರಿನಿಂದ ಕಿಟ್ಟೆಲ್ ಅವರ ಮಹಾನಿಘಂಟು ಬಂದದ್ದು 1894ರಲ್ಲಿ. ರೀವ್ ಅವರ ಕಾಲಕ್ಕೆ ರಾಯದುರ್ಗ, ಮಡಕಶಿರ ಎರಡೂ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಮುಗಿಯಿತು. ಆದರೂ ಗಡಿಯಾಚೆಯ ಹೊಲಗಳ ಪದಗಳೆಲ್ಲ ಅದರಲ್ಲಿ ಬಂದಿವೆಯೆಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಪದಗಳು ಹೋಗುತ್ತಿರುವುದಕ್ಕೆ ತೆಲುಗನ್ನು ದೂರುವವರಿದ್ದಾರೆ, ಇಂಗ್ಲಿಷ್ ಶಾಲೆಯನ್ನು ದೂರುವವರು ಇನ್ನೂ ಹೆಚ್ಚು. ಅದು ಪೂರ್ತಿ ನ್ಯಾಯವಲ್ಲ. ಇಂಗ್ಲೆಂಡಿನಲ್ಲಿಯೂ ರಿಕ್, ಶಾಕ್, ಮೋ ಎಂದು ಹುಲ್ಲಿಗೂ ಸಿವುಡಿಗೂ ಹಲವು ಒಟ್ಟಿಲುಗಳ ಹೆಸರಿದ್ದವು. ಕೊಯ್ದು ಒಕ್ಕಿ ತೂರುವ ಕೆಲಸವೆಲ್ಲವನ್ನೂ ಒಂದೇ ಯಂತ್ರ ಮಾಡಲು ತೊಡಗಿದ ಮೇಲೆ ಅಲ್ಲಿನ ಮಕ್ಕಳಿಗೂ ಅವು ತಿಳಿಯದಾದವು. ಅಲ್ಲಿ ಯಾವ ನೆರೆಯ ಭಾಷೆಯೂ ಬಂದು ಒತ್ತಿರಲಿಲ್ಲ. ನಮ್ಮಲ್ಲಿಯೂ ರಸ್ತೆಯ ಮೇಲೆ ತೆನೆ ಹರಡಿ ಲಾರಿ ಬಸ್ಸುಗಳಿಂದ ಒಕ್ಕಿಸಿಕೊಂಡಾಗಲೇ ಕಣ ಹೋಯಿತು. ಕಣದೊಡನೆ ಮೇಟಿ, ಮೆದೆ, ರಾಶಿಪೂಜೆಗಳೂ ಹೋದವು. ಉಳಿದ ಹುಲ್ಲೂ ಈಗ ಯಂತ್ರದಿಂದ ಸುರುಳಿಯಾಗಿ ಹೊರಬರುತ್ತದೆ, ಅದಕ್ಕೆ ಬಣವೆಯೆಂದು ಹೇಳಲಾದೀತೆ? ಕೆಲಸ ಹೋದ ಮೇಲೂ ಪದ ಉಳಿಯಬೇಕಾದರೆ ಅದು ಇನ್ನೊಂದು ಕೆಲಸವನ್ನು ಹಿಡಿಯಬೇಕು. ‘ಒಟ್ಟು’ ಲೆಕ್ಕದ ಪುಸ್ತಕವನ್ನು ಹಿಡಿದು ಬದುಕಿದಂತೆ. ಮೆದೆಗೆ ಅಂತಹ ಅದೃಷ್ಟ ಒದಗಿಲ್ಲ.

ಅದರ ನಡುವೆ ಕೆಲವು ಪದಗಳು ಯಾರ ಸಹಾಯವೂ ಇಲ್ಲದೆ ಗಟ್ಟಿಯಾಗಿವೆ. ಶ್ರಾವಣದ ಶನಿವಾರ ನೇಮಕಲ್ಲಿನ ಆಂಜನೇಯನ ಗುಡಿಯ ಮುಂದೆ ನಿಂತು ಕೇಳಿದರೆ ತಿಳಿಯುತ್ತದೆ. ವ್ಯಾಸರಾಯರು ಪ್ರತಿಷ್ಠಿಸಿದರೆಂದು ಪ್ರತೀತಿಯಿರುವ ಕಸಾಪುರ, ಮುರಡಿ, ನೇಮಕಲ್ಲುಗಳ ಮೂವರು ಹನುಮರನ್ನು ಒಂದೇ ದಿನ ಕಾಣಬೇಕೆಂಬ ನಂಬಿಕೆಯಿಂದ ಎರಡೂ ರಾಜ್ಯಗಳ ಜನ ಬರುತ್ತಾರೆ. ಆ ಜನಸಂದಣಿಯನ್ನು ಯಾವ ಕನ್ನಡದ ಮನೆಯವರೂ ಶೇಖರಣೆ ಎನ್ನುವುದಿಲ್ಲ, ರಾಶಿಯೆಂದೂ ಒಟ್ಟಿಲೆಂದೂ ಅನ್ನುವುದಿಲ್ಲ. ಜನ ಸೇರುತ್ತಾರೆ, ಕೂಡುತ್ತಾರೆ, ನೆರೆಯುತ್ತಾರೆ. ನೆರೆ ಎಂದರೆ ತುಂಬಿ ಬಂದ ಹೊಳೆಯೂ ಹೌದು, ಪಕ್ಕದ ಮನೆಯೂ ಹೌದು.

ಓದುಗರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಮನೆಯ ಹಿರಿಯರನ್ನು ಈ ನಾಲ್ಕನ್ನು ಕೇಳಿ ಬರೆದು ಕಳುಹಿಸಿರಿ: ಕಿತ್ತ ಕಡಲೆಕಾಯಿಯ ಗಿಡಗಳನ್ನು ಹೊಲದಲ್ಲಿಯೇ ಒಣಗಲು ಹಾಕಿದ ಸಣ್ಣ ಗುಡ್ಡೆಗೆ ನಿಮ್ಮಲ್ಲಿ ಏನೆನ್ನುತ್ತಾರೆ? ಬಿಡಿಸಿದ ಕಾಯಿಯ ಗುಡ್ಡೆಗೆ ಬೇರೆ ಹೆಸರಿದೆಯೆ? ಗಾಳಿ ತಂದ ಉಸುಕಿಗೂ ಹೊಳೆ ತಂದ ಉಸುಕಿಗೂ ಒಂದೇ ಮಾತೋ, ಎರಡೋ? ಬಾವಿ ತೋಡಿದಾಗ ಹೊರಗೆ ಹಾಕಿದ ಮಣ್ಣಿನ ದಿಬ್ಬಕ್ಕೆ ಏನು ಹೆಸರು? ತೆಲುಗಿನ ಪದವೇ ಬಾಯಿಗೆ ಬಂದರೆ ಅದನ್ನೇ ಬರೆಯಿರಿ, ತಿದ್ದಬೇಡಿರಿ. ಊರಿನ ಹೆಸರನ್ನೂ ಹೇಳಿದವರ ವಯಸ್ಸನ್ನೂ ಜೊತೆಗೆ ಸೇರಿಸಿದರೆ ಉಪಕಾರವಾಗುತ್ತದೆ.